ಕುದಿನೀರಲ್ಲಿ ಅದ್ದಿದ ಪೈಪು

ಶುಕ್ರವಾರ, ಜುಮಾ ನಮಾಜು ಮುಗಿದು ಅರ್ಧ ಗಂಟೆಯಾಗಿತ್ತು. ಸೌದಿಯ ಜುಬೈಲಿನ ಹಳೆಯ ಪೇಟೆಯಲ್ಲಿ ನಾವು ಹೊಸದಾಗಿ ಹಿಡಿದ ಮನೆಯ ಅಡುಗೆಕೋಣೆಯಲ್ಲಿ ಐದು ಜನ ನಿಂತಿದ್ದೆವು. ನಾನು, ನನ್ನ ಹೆಂಡತಿ, ಅವಳ ಬುರ್ಖಾದ ಅಂಚು ಹಿಡಿದುಕೊಂಡ ಆರು ವರ್ಷದ ಮಗಳು, ಎಪ್ಪತ್ತು ದಾಟಿದ ಸೌದಿ ಹಿರಿಯರಾದ ಕಟ್ಟಡದ ಯಜಮಾನರು, ಮತ್ತು ಆ ಕಟ್ಟಡದ ಹಾರಿಸ್. ಹಾರಿಸ್ ಎಂದರೆ ಕಾವಲುಗಾರ ಎಂದಷ್ಟೇ ಹೇಳಿದರೆ ಅರ್ಧ ಹೇಳಿದ ಹಾಗಾಯಿತು. ಮೆಟ್ಟಿಲು ಗುಡಿಸುವುದು, ನೀರಿನ ಪಂಪು ಹಾಕುವುದು, ಬಲ್ಬು ಬದಲಿಸುವುದು, ಹನ್ನೆರಡು ಮನೆಗಳಿಗೂ ಗ್ಯಾಸ್ ಸಿಲಿಂಡರ್ ಹೊತ್ತು ತರುವುದು, ಎಲ್ಲ ಅವರದೇ ಕೆಲಸ. ಬಾಂಗ್ಲಾದೇಶದವರು. ಅರುವತ್ತರ ಹತ್ತಿರದ ವಯಸ್ಸು. ಕಟ್ಟಡದಲ್ಲಿ ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು.

ಅದುವರೆಗೆ ನಾನು ಕಂಪೆನಿಯ ಕ್ಯಾಂಪಿನಲ್ಲಿದ್ದವನು. ಬೆಳಿಗ್ಗೆ ಕಂಪೆನಿಯ ಬಸ್ಸು, ಸಂಜೆ ಕಂಪೆನಿಯ ಬಸ್ಸು, ನಡುವೆ ಕಾರ್ಖಾನೆಯ ಸ್ಟೋರಿನಲ್ಲಿ ಸಾಮಾನು ಕೊಡುವ ಕೆಲಸ, ರಾತ್ರಿ ಮೆಸ್ಸಿನ ಊಟ. ಗ್ಯಾಸು ಎಲ್ಲಿಂದ ಬರುತ್ತದೆ, ಕರೆಂಟು ಯಾರ ಹೆಸರಿನಲ್ಲಿದೆ ಎಂದು ಕೇಳುವ ಸಂದರ್ಭವೇ ಬಂದಿರಲಿಲ್ಲ. ಮದುವೆಯಾಗಿ ಏಳನೆಯ ವರ್ಷಕ್ಕೆ ಫ್ಯಾಮಿಲಿ ವೀಸಾ ಸಿಕ್ಕಿ ಹೆಂಡತಿ ಮಗಳು ಬಂದರು. ಆಗ ಗೊತ್ತಾಯಿತು, ಸಂಸಾರ ಎಂದರೆ ಮೊದಲು ಒಲೆ ಹೊತ್ತಬೇಕು ಎಂದು.

ಕರೆಂಟಿನ ವಿಷಯದಲ್ಲಿ ಆರಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ. ಎಲ್ಲರ ಮನೆಗೂ ಬರುವುದು ಒಂದೇ ಕಂಪೆನಿಯ ಕರೆಂಟು. ಕೇಳಬೇಕಾದದ್ದು ಒಂದೇ, ಎದುರು ಮನೆಯ ಜತೆ ಪಾಲಿನ ಮೀಟರೋ, ಬೇರೆಯದೋ.

"ಬೇರೆ ತಗೊಳ್ಳಿ ಸಾಬ್," ಎಂದು ಚಾಚಾ ತಮ್ಮ ಹರಕುಮುರುಕು ಹಿಂದಿಯಲ್ಲಿ ಪಿಸುಗುಟ್ಟಿದರು. "ಎದುರು ಮನೆಯವರು ಚಳಿಗಾಲದಲ್ಲೂ ಎಸಿ ಹಾಕಿ ಕಂಬಳಿ ಹೊದ್ದು ಮಲಗ್ತಾರೆ."

ಬೇರೆಯದೇ ತೆಗೆದುಕೊಂಡೆವು. ಇನ್ನು ಗ್ಯಾಸು. ಅದಕ್ಕೆ ಎರಡು ದಾರಿ. ಒಂದು, ಚಾಚಾ. ಖಾಲಿ ಸಿಲಿಂಡರನ್ನು ಕೈಗಾಡಿಯಲ್ಲಿ ಅಂಗಡಿಗೆ ಉರುಳಿಸಿಕೊಂಡು ಹೋಗಿ, ತುಂಬಿದ್ದನ್ನು ಹೆಗಲಿಗೇರಿಸಿ ಮೂರು ಮಹಡಿ ಹತ್ತಿ ತಂದು ಜೋಡಿಸಿ ಕೊಡುತ್ತಿದ್ದರು. ಇನ್ನೊಂದು, ಪಿಕಪ್ ಇಟ್ಟುಕೊಂಡು ಫೋನು ಮಾಡಿದರೆ ತಂದುಕೊಡುವ ಒಬ್ಬ ವಿಟ್ಲದ ಕಡೆಯವನು. ನಮ್ಮ ಊರಿನವರೆಲ್ಲ ಅವನಿಂದಲೇ ತರಿಸುತ್ತಿದ್ದರು. ನಾನೂ ಅವನ ನಂಬರು ಬರೆದಿಟ್ಟುಕೊಂಡಿದ್ದೆ.

ಯಜಮಾನರು ತಲೆಯಾಡಿಸಿದರು. ಅರಬ್ಬಿ, ಹಿಂದಿ ಎರಡನ್ನೂ ಕಲಸಿ ಅವರು ಹೇಳಿದ್ದು ಇಷ್ಟು: "ಇಲ್ಲಿ ಗ್ಯಾಸು ಹಾರಿಸಿನದ್ದೇ. ಪೈಪು, ತಂತಿ, ಏನಿದ್ದರೂ ಹಾರಿಸ್ ತಂದದ್ದನ್ನೇ ಹಾಕಬೇಕು. ನೀವೇ ಏನಾದರೂ ಜೋಡಿಸಿದರೆ, ಖಲಾಸ್, ಮನೆ ಖಾಲಿ." ಅವರ ಹಿಂದಿನ ಕಟ್ಟಡವೊಂದರಲ್ಲಿ ಬಾಡಿಗೆಯವರೊಬ್ಬರು ತಾವೇ ಪೈಪು ಸೇರಿಸಲು ಹೋಗಿ ಅಡುಗೆಮನೆ ಸುಟ್ಟುಹೋಗಿತ್ತಂತೆ. ಅದನ್ನು ಹೇಳುವಾಗ ಅವರ ಮುಖ ಸಪ್ಪೆಯಾಯಿತು.

"ತಮಾಮ್," ಎಂದೆ. ಆಗಲಿ ಎಂದು ಒಪ್ಪಿಕೊಂಡ ಹಾಗೆ.

ಯಜಮಾನರು ಹೋದ ಮೇಲೆ ಹೆಂಡತಿ ಪೆಟ್ಟಿಗೆ ಬಿಚ್ಚಿದಳು. ಬಟ್ಟೆಗಳ ನಡುವೆ, ಹಳೆಯ ಸೀರೆಯೊಂದರಲ್ಲಿ ಸುತ್ತಿ, ಮಂಗಳೂರಿನಿಂದ ವಿಮಾನದಲ್ಲಿ ಬಂದಿತ್ತು ಎರಡು ಬರ್ನರಿನ ಒಲೆ. "ಇಲ್ಲಿಯ ದೊಡ್ಡ ಒಲೆಯಲ್ಲಿ ನೀರುದೋಸೆ ಏಳೂದಿಲ್ಲ ಅಂತ ನಮ್ಮ ನಾದಿನಿ ಹೇಳಿದ್ಳು," ಎಂದಳು. ಒಲೆಯ ಜತೆಗೆ ಕಿತ್ತಳೆ ಬಣ್ಣದ ರಬ್ಬರು ಪೈಪೂ ಬಂದಿತ್ತು.

ಚಾಚಾ ಪೈಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಇಲ್ಲಿಯ ರೆಗ್ಯುಲೇಟರಿನ ಮೂತಿ ನಮ್ಮದಕ್ಕಿಂತ ತುಸು ದಪ್ಪ. "ಇದು ಕೂರೂದಿಲ್ಲ ಸಾಬ್. ನಾಳೆ ಅಂಗಡಿಯಿಂದ ಬೇರೆ ತರ್ತೇನೆ."

ನಾಳೆಯ ಮಾತು ನನಗೆ ರುಚಿಸಲಿಲ್ಲ. ಅಷ್ಟು ವರ್ಷ ಮೆಸ್ಸಿನ ಅನ್ನ ತಿಂದವನಿಗೆ ಅವತ್ತೇ ಮನೆಯ ಊಟ ಆಗಬೇಕಿತ್ತು. ಅಲ್ಲದೆ ಊರಿನ ಪೈಪಿಗೆ ಕೊರತೆ ಹೇಳಿದರು ಎಂಬ ಸಣ್ಣ ಉರಿಯೂ ಇತ್ತು. ನಮ್ಮ ಕಡೆ ತೆಂಗಿನ ಗಿಡಗಳಿಗೆ ನೀರು ಬಿಡುವ ಕಪ್ಪು ಪೈಪುಗಳನ್ನು ಒಂದಕ್ಕೊಂದು ಸೇರಿಸುವಾಗ ತುದಿಯನ್ನು ಕುದಿನೀರಿನಲ್ಲಿ ಅದ್ದುತ್ತಾರೆ. ಮೆತ್ತಗಾದ ತುದಿಯನ್ನು ಒತ್ತಿ ಕೂರಿಸಿದರೆ, ಆರಿದ ಮೇಲೆ ಆನೆ ಎಳೆದರೂ ಬಿಡುವುದಿಲ್ಲ. ನನ್ನ ಅಜ್ಜನಿಂದ ನಾನು ಕಲಿತ ಎರಡೇ ವಿದ್ಯೆಗಳಲ್ಲಿ ಅದೊಂದು, ಇನ್ನೊಂದು ಹರಟೆ. ಕರೆಂಟಿನ ಕೆಟಲಿನಲ್ಲಿ ನೀರು ಕುದಿಸಿದೆ, ಪೈಪಿನ ತುದಿ ಅದ್ದಿದೆ, ಹಲ್ಲುಕಚ್ಚಿ ರೆಗ್ಯುಲೇಟರಿನ ಮೂತಿಗೆ ಏರಿಸಿದೆ. ನೋಡಲು ಅಷ್ಟು ಚೆಂದ ಕಾಣಲಿಲ್ಲವೆಂದು ಮೇಲಿಂದ ಕರಿ ಟೇಪನ್ನೂ ಸುತ್ತಿದೆ.

ಚಾಚಾ ಬಾಗಿಲಿಗೆ ಒರಗಿ ನೋಡುತ್ತಿದ್ದರು. "ಸಾಬ್, ರಬ್ಬರಿಗೆ ಇದು ಒಳ್ಳೇದಲ್ಲ."

"ಇಂಡಿಯಾದ ಮಾಲು ಚಾಚಾ, ಐದು ವರ್ಷ ಏನೂ ಆಗೂದಿಲ್ಲ."

ಅವರು ಸೋಪಿನ ನೊರೆ ಮಾಡಿ, ಕೂಡುವಲ್ಲೆಲ್ಲ ಸವರಿ, ಗುಳ್ಳೆ ಏಳುತ್ತದೆಯೋ ಎಂದು ಮಂಡಿಯೂರಿ ನೋಡಿದರು. ಗುಳ್ಳೆ ಏಳಲಿಲ್ಲ. ಬಿಸ್ಮಿಲ್ಲಾ ಹೇಳಿ ಒಲೆ ಹೊತ್ತಿಸಿದರು. ಅವತ್ತು ನೀರುದೋಸೆ ಎದ್ದಿತು. ಚಾಚಾನಿಗೂ ನಾಲ್ಕು ಹೋದವು, ಕೋಳಿಸಾರಿನ ಜತೆ. ತಟ್ಟೆ ಹಿಂದಕ್ಕೆ ಕೊಡುವಾಗ, ಎರಡನ್ನು ಮಗನಿಗೆ ಇಟ್ಟಿದ್ದೇನೆ ಎಂದರು.

ಆ ಮಗನ ವಿಷಯ ಹೇಳಲೇಬೇಕು. ಊರ ಹೊರಗಿನ ಕ್ಯಾಂಪೊಂದರಲ್ಲಿದ್ದ ಅವನು ವೆಲ್ಡರು, ಮೂವತ್ತರ ಆಳು, ದಪ್ಪ ಮೀಸೆ. ಪ್ರತಿ ಶುಕ್ರವಾರ ಕಂಪೆನಿಯ ಬಸ್ಸಿನಲ್ಲಿ ಪೇಟೆಗೆ ಬಂದು ಅಪ್ಪನ ಜತೆ ಜುಮಾಕ್ಕೆ ಹೋಗುತ್ತಿದ್ದ. ಆಮೇಲೆ ಮೆಟ್ಟಿಲಿನ ಕೆಳಗಿನ ಹಾರಿಸಿನ ಕೋಣೆಯಲ್ಲಿ ಇಬ್ಬರೂ ಕೂತು ಮೀನು ಹುರಿದು ಉಣ್ಣುತ್ತಿದ್ದರು. ಆ ವಾಸನೆ ಮೂರನೆಯ ಮಹಡಿಯವರೆಗೆ ಏರುತ್ತಿತ್ತು. ಚಾಚಾ ಈ ದೇಶಕ್ಕೆ ಬಂದಾಗ ಮಗ ತೊಟ್ಟಿಲಲ್ಲಿದ್ದನಂತೆ. "ನನ್ನ ಮಗನನ್ನು ನಾನು ನೋಡಿದ್ದೇ ಇಲ್ಲಿ," ಎಂದು ಚಾಚಾ ಒಮ್ಮೆ ನನ್ನ ಹೆಂಡತಿಗೆ ಹೇಳಿದ್ದರು. "ಅವನು ಊರಲ್ಲಿದ್ದಷ್ಟು ದಿನ ನನಗೆ ಬರೀ ಫೋಟೋ."

ಮೂರು ತಿಂಗಳು ಚೆನ್ನಾಗಿಯೇ ಕಳೆಯಿತು. ಒಂದು ದಿನ ಬೆಳಿಗ್ಗೆ ಚಾಚಾ ನಮ್ಮ ಸಿಲಿಂಡರ್ ಬದಲಿಸಿ ಹೋದರು. ಮಧ್ಯಾಹ್ನ ನಾನು ಸ್ಟೋರಿನಲ್ಲಿರುವಾಗ ಹೆಂಡತಿಯ ಫೋನು ಬಂತು. "ಗ್ಯಾಸಿನ ವಾಸನೆ ಬರ್ತಾ ಉಂಟು. ನಾನು ಮಗಳನ್ನು ಕರ್ಕೊಂಡು ಕೆಳಗೆ ಬಂದಿದ್ದೇನೆ. ನೀವು ಬೇಗ ಬನ್ನಿ."

ಟ್ಯಾಕ್ಸಿ ಹಿಡಿದು ಬಂದೆ. ಗೇಟಿನ ಹತ್ತಿರ ಹನ್ನೆರಡು ಮನೆಗಳ ಹೆಂಗಸರು ಮಕ್ಕಳು ಬಿಸಿಲಲ್ಲಿ ನಿಂತಿದ್ದರು. ನನ್ನ ಮಗಳು ಬರಿಗಾಲಲ್ಲಿದ್ದಳು. ಚಾಚಾ ಅಷ್ಟರಲ್ಲಿ ಮೇಲೆ ಹೋಗಿ ಸಿಲಿಂಡರ್ ಮುಚ್ಚಿ, ಕಿಟಕಿಗಳನ್ನೆಲ್ಲ ತೆರೆದು ಕೆಳಗಿಳಿದು ಬಂದಿದ್ದರು. ಏದುಸಿರು ಬಿಡುತ್ತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಯಜಮಾನರು ಕಾರಿನಿಂದ ಇಳಿದರು. ನನ್ನ ಹತ್ತಿರ ಬಂದು ಅರಬ್ಬಿಯಲ್ಲಿ ಕೇಳಿದರು, ಇದನ್ನು ಜೋಡಿಸಿದ್ದು ಯಾರು?

"ಹಾರಿಸ್," ಎಂದೆ.

ಒಂದೇ ಶಬ್ದ. ಅದರಲ್ಲಿ ಸುಳ್ಳಿರಲಿಲ್ಲ, ಬೆಳಿಗ್ಗೆ ಸಿಲಿಂಡರ್ ಜೋಡಿಸಿದ್ದು ಅವರೇ. ಆದರೆ ಅದನ್ನು ಹೇಳುವ ಹೊತ್ತಿಗೆ ನನ್ನ ಕಣ್ಣ ಮುಂದೆ ಇದ್ದದ್ದು ಕೆಟಲು, ಕುದಿನೀರು, ಕರಿ ಟೇಪು. ಅದರ ಹಿಂದೆಯೇ ಮನೆ ಖಾಲಿ ಎಂಬ ಮಾತು, ಮಗಳ ಶಾಲೆ, ಮತ್ತೆ ಆ ಕ್ಯಾಂಪು.

ಯಜಮಾನರು ಚಾಚಾನ ಕಡೆ ತಿರುಗಿದರು. ಚಾಚಾ ನನ್ನನ್ನು ನೋಡಿದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ.

"ಹೌದು, ನಾನೇ," ಎಂದರು ಚಾಚಾ.

ಯಜಮಾನರು ಎಲ್ಲರೆದುರು ಅವರಿಗೆ ಏನೇನು ಅಂದರೋ ನನಗೆ ಪೂರ್ತಿ ಅರ್ಥವಾಗಲಿಲ್ಲ. ಅರ್ಥವಾದದ್ದು ಸಾಕಿತ್ತು. ಮುದುಕನಾದೆ, ಕಣ್ಣು ಹೋಯಿತು, ಮಕ್ಕಳಿರುವ ಕಟ್ಟಡ ಇದು ಎಂದು.

ಸಂಜೆ ಅಡುಗೆಕೋಣೆಯಲ್ಲಿ ಕೂತು ಟೇಪು ಬಿಚ್ಚಿದೆ. ಬಿಸಿನೀರಿಗೆ ಹಿಗ್ಗಿದ ರಬ್ಬರು ತುದಿಯಲ್ಲಿ ಉಗುರಿನಷ್ಟು ಉದ್ದ ಸೀಳಿತ್ತು. ಸಿಲಿಂಡರನ್ನು ಮೂಲೆಗೆ ತಳ್ಳುವಾಗ ಪೈಪು ತಿರುಚಿ ಸೀಳು ಬಾಯಿ ಬಿಟ್ಟಿರಬೇಕು. ಟೇಪಿನ ಅಡಿಯಲ್ಲಿದ್ದ ಅದು ಯಾವ ನೊರೆಗೂ ಕಾಣುವಂತಿರಲಿಲ್ಲ.

ಹೆಂಡತಿ ಹಿಂದೆ ನಿಂತಿದ್ದಳು. "ಗೊತ್ತಾಯ್ತಲ್ಲ. ಈಗಲೇ ಹೋಗಿ ಹೇಳಿ."

"ಯಾರಿಗೆ?"

"ಯಾರಿಗೆ ಅಂತ ನನ್ನತ್ರ ಕೇಳ್ತೀರಾ? ಆ ಅಜ್ಜನ ಮುಖ ನೋಡಿದ್ರಾ ನೀವು?"

"ನಾಳೆ ಹೇಳ್ತೇನೆ. ಅವರ ಸಿಟ್ಟು ಇಳೀಲಿ."

"ಅವರ ಸಿಟ್ಟು ಇಳೀಲಿಕ್ಕೆ ಕಾಯ್ತೀರೋ, ನಿಮ್ಮ ನಾಲಗೆ ಒಣಗ್ಲಿಕ್ಕೆ ಕಾಯ್ತೀರೋ?"

ಪೈಪನ್ನು ಕತ್ತರಿಯಿಂದ ನಾಲ್ಕು ತುಂಡು ಮಾಡಿ, ಕಾಗದದಲ್ಲಿ ಸುತ್ತಿ, ಎರಡು ಗಲ್ಲಿ ದಾಟಿ ಅಲ್ಲಿಯ ಕಸದ ದೊಡ್ಡ ಡಬ್ಬಿಗೆ ಹಾಕಿ ಬಂದೆ. ನಮ್ಮ ಗಲ್ಲಿಯಲ್ಲೂ ಕಸದ ಡಬ್ಬಿ ಇತ್ತು. ಬರುವಾಗ ಅಂಗಡಿಯಿಂದ ಹೊಸ ಪೈಪು ತಂದೆ. ಹೆಂಡತಿ ಅವತ್ತು ಒಲೆ ಹೊತ್ತಿಸಲಿಲ್ಲ. ಅವಲಕ್ಕಿ ನೆನೆಸಿ ಕೊಟ್ಟಳು.

ವಾರ ಕಳೆದು ಯಜಮಾನರು ನನ್ನನ್ನು ಮನೆಗೆ ಕರೆಸಿದರು. ಈಗ ಮನೆ ಬಿಡಿಸುತ್ತಾರೆ ಎಂದುಕೊಂಡೇ ಹೋದೆ. ಅತಿಥಿಗಳ ಕೋಣೆಯಾದ ಮಜ್ಲಿಸಿನಲ್ಲಿ ಕೂರಿಸಿ, ಖರ್ಜೂರ ಮುಂದಿಟ್ಟು, ಅರಬ್ಬಿ ಕಾಫಿ ಕಾವಾ ಸುರಿದುಕೊಟ್ಟರು. ನಿನ್ನ ಮಗು ಭಯಪಟ್ಟಿತೇ, ನಿದ್ದೆ ಮಾಡುತ್ತಾಳೆಯೇ ಎಂದು ವಿಚಾರಿಸಿದರು. ಆಮೇಲೆ ಹೇಳಿದರು, "ಇನ್ನು ಹಾರಿಸ್ ಗ್ಯಾಸು ಮುಟ್ಟುವುದು ಬೇಡ. ನೀನು ಕಾರ್ಖಾನೆಯಲ್ಲಿ ಸಾಮಾನು ನೋಡುವವನು, ಓದಿದವನು. ಇಡೀ ಕಟ್ಟಡಕ್ಕೆ ಗ್ಯಾಸು ಕೊಡುವ ಒಳ್ಳೆಯವನೊಬ್ಬನನ್ನು ನೀನೇ ಆರಿಸಿ ಹೇಳು."

ನನ್ನ ಬಾಯಲ್ಲಿ ಖರ್ಜೂರ ಇತ್ತು. ಅದನ್ನು ನುಂಗುವಷ್ಟು ಹೊತ್ತು ನನಗೆ ಸಮಯವಿತ್ತು. ಕಾವಾದ ಬಟ್ಟಲು ಕೆಳಗಿಟ್ಟು, ತಪ್ಪು ನನ್ನದು ಎನ್ನಬಹುದಿತ್ತು. ನಾನು ವಿಟ್ಲದವನ ನಂಬರು ಕೊಟ್ಟೆ.

ಅವನು ಮಾರನೆಯ ದಿನವೇ ಪಿಕಪ್ ತಂದು ಗೇಟಿಗೆ ನಿಲ್ಲಿಸಿದ. ಬಾಯಿತುಂಬ ನಗು. "ಎಂತ ಮಾರಾಯ್ರೆ, ನೀವು ಮೊದಲೇ ಹೇಳಬಾರ್ದಾ? ಹನ್ನೆರಡು ಮನೆ! ಊರಿನವರು ಅಂದ್ರೆ ಹೀಗೆ ಇರ್ಬೇಕು ನೋಡಿ. ಹೆಂಡ್ತಿ ಮಕ್ಕಳಿಗೆ ಒಂದಿನ ಬಿರಿಯಾನಿ ಕಳಿಸ್ತೇನೆ."

"ಬೇಡ," ಎಂದೆ.

"ಬೇಡ ಅಂದ್ರೆ ಎಂತ? ಉಪಕಾರ ಮಾಡಿ ಮುಖ ಯಾಕೆ ಗಂಟು ಹಾಕ್ಕೊಂಡಿದ್ದೀರಿ?"

ಅವನ ಹಿಂದೆ, ಮೆಟ್ಟಿಲ ಬುಡದಲ್ಲಿ, ಚಾಚಾ ತಮ್ಮ ಕೈಗಾಡಿಯನ್ನು ಬದಿಗೆ ಸರಿಸಿ ಅವನ ಸಿಲಿಂಡರುಗಳಿಗೆ ದಾರಿ ಮಾಡಿಕೊಡುತ್ತಿದ್ದರು.

ಚಾಚಾ ಆಮೇಲೂ ನನಗೆ ಸಲಾಂ ಹೇಳುತ್ತಿದ್ದರು. ನಾನು ಬೆಳಿಗ್ಗೆ ಹತ್ತು ನಿಮಿಷ ಮೊದಲೇ ಇಳಿದು, ಅವರು ಪಂಪಿನ ಹತ್ತಿರ ಇರುವಾಗ ಗೇಟು ದಾಟಿಬಿಡುತ್ತಿದ್ದೆ. ಅಜ್ಜ ಹೇಳುತ್ತಿದ್ದ ಗಾದೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬುದು. ನನ್ನನ್ನು ಯಾರೂ ಕಳ್ಳ ಎಂದಿರಲಿಲ್ಲ. ಆದರೂ ನಾನು ದಿನಾ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಗ್ಯಾಸಿನ ಕೆಲಸ ಹೋದ ಮೇಲೆ ಚಾಚಾನಿಗೆ ಕಟ್ಟಡದಲ್ಲಿ ಕೆಲಸ ಕಡಿಮೆಯಾಯಿತು. ಒಂದು ತಿಂಗಳಾಗುವಷ್ಟರಲ್ಲಿ ಹೆಂಡತಿ ಸುದ್ದಿ ತಂದಳು. "ಚಾಚಾನನ್ನು ತಬೂಕಿಗೆ ಕಳಿಸ್ತಾರಂತೆ. ಯಜಮಾನರ ತಮ್ಮನ ತೋಟ ಉಂಟಂತೆ ಅಲ್ಲಿ, ಅದನ್ನು ಕಾಯಲಿಕ್ಕೆ." ಆಮೇಲೆ, "ತಬೂಕ್ ಎಷ್ಟು ದೂರ?" ಎಂದು ಕೇಳಿದಳು.

ದೇಶದ ಈ ತುದಿಯಿಂದ ಆ ತುದಿ. ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ. ವಾರಕ್ಕೊಂದು ರಜೆ ಇರುವ ವೆಲ್ಡರನಿಗೆ ಅದು ಹೋಗಿ ಬರುವ ದೂರವಲ್ಲ. ಅವಳಿಗೂ ಅದು ಗೊತ್ತಿತ್ತು. ನನ್ನ ಬಾಯಿಂದ ಕೇಳಬೇಕಿತ್ತು, ಅಷ್ಟೇ.

"ಇವತ್ತು ಹೇಳ್ತೇನೆ," ಎಂದೆ.

ಹೇಳಲಿಲ್ಲ. ಯಜಮಾನರ ಮನೆಯ ಗೇಟಿನವರೆಗೆ ಹೋದೆ. ಒಳಗೆ ಬೇರೆ ಯಾರದೋ ಕಾರುಗಳು ನಿಂತಿದ್ದವು. ಅತಿಥಿಗಳಿದ್ದಾರೆ, ನಾಳೆ ಬರೋಣ ಎಂದು ತಿರುಗಿದೆ. ಮರುದಿನ ಕೆಲಸದಲ್ಲಿ ತಡವಾಯಿತು. ಅದರ ಮಾರನೆಯ ಬೆಳಿಗ್ಗೆ ಚಾಚಾ ಹೊರಟರು. ನನ್ನ ಹೆಂಡತಿ ಅಕ್ಕಿಯ ಪುಂಡಿ, ಚಟ್ನಿ ಕಟ್ಟಿಕೊಟ್ಟಳು, ಮಗಳು ಗೇಟಿನವರೆಗೆ ಹೋಗಿ ಕೈಬೀಸಿದಳು. ನಾನು ಕಂಪೆನಿಯ ಮೊದಲ ಬಸ್ಸಿಗೇ ಹೊರಟುಹೋಗಿದ್ದೆ, ನನ್ನದಲ್ಲದ ಶಿಫ್ಟಿಗೆ.

ಅದರ ಮುಂದಿನ ಶುಕ್ರವಾರ, ಊಟದ ಹೊತ್ತಿಗೆ, ಬಾಗಿಲು ಬಡಿದ ಸದ್ದು. ಚಾಚಾನ ಮಗ. ಕೋಣೆಯಲ್ಲಿ ಉಳಿದ ಅಪ್ಪನ ಸಾಮಾನು ಒಯ್ಯಲು ಬಂದಿದ್ದ. ಕೈಯಲ್ಲಿ ಒಂದು ಬಾಣಲೆ, ಒಂದು ಕಂಬಳಿ.

"ಅಂಕಲ್, ಒಂದು ಮಾತು ಕೇಳಬೇಕು," ಎಂದ. ಹಿಂದಿ ಅಪ್ಪನಿಗಿಂತ ಚೆನ್ನಾಗಿತ್ತು. "ಅಬ್ಬಾ ನಿಜವಾಗಿ ತಪ್ಪು ಜೋಡಿಸಿದ್ರಾ? ಅವರಿಗೆ ಕಣ್ಣು ಕಾಣೂದಿಲ್ಲ ಅಂತಾದ್ರೆ ನಾನು ಡಾಕ್ಟರಿಗೆ ತೋರಿಸಬೇಕಿತ್ತು. ಅದಕ್ಕೆ ಕೇಳ್ತಿದ್ದೇನೆ."

ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ಜಗಳಕ್ಕೆ ಬಂದಿದ್ದರೆ ನಾನು ಜಗಳವನ್ನೇ ಆಡುತ್ತಿದ್ದೆನೋ ಏನೋ. ಅಡುಗೆಕೋಣೆಯಲ್ಲಿ ಹೆಂಡತಿಯ ಸೌಟಿನ ಸದ್ದು ನಿಂತಿತು.

"ಅವರ ಕಣ್ಣು ಸರಿಯಾಗಿಯೇ ಇದೆ," ಎಂದೆ. "ಪೈಪು ನನ್ನದು. ಜೋಡಿಸಿದ್ದೂ ನಾನು. ಅವರು ಬೇಡ ಅಂದಿದ್ದರು."

ಅವನು ಬಹಳ ಹೊತ್ತು ಬಾಣಲೆಯನ್ನೇ ನೋಡಿದ. "ನಾನೂ ಕೇಳಿದ್ದೆ ಅವರನ್ನು. ಅಬ್ಬಾ ಏನಂದ್ರು ಗೊತ್ತಾ? ಆ ಪೈಪು ಸರಿಯಿಲ್ಲ ಅಂತ ಗೊತ್ತಿದ್ದೂ ಗ್ಯಾಸು ತೆರೆದವನು ನಾನು, ಹಾರಿಸ್ ನಾನಲ್ವಾ ಅಂದ್ರು. ಯಾವ ಪೈಪು ಅಂತ ಮಾತ್ರ ಹೇಳಲಿಲ್ಲ." ಆಮೇಲೆ ತಲೆಯೆತ್ತಿದ. "ಇದನ್ನು ಯಜಮಾನರಿಗೆ ಹೇಳ್ತೀರಾ? ಈಗ?"

"ಈಗಲೇ ಹೋಗ್ತಾರೆ," ಎಂದಳು ಹೆಂಡತಿ ಒಳಗಿನಿಂದ.

ನಾನೂ ಅವನೂ ಟ್ಯಾಕ್ಸಿಯಲ್ಲಿ ಹೋದೆವು. ಯಜಮಾನರು ಅದೇ ಮಜ್ಲಿಸಿನಲ್ಲಿ ಕೂರಿಸಿದರು. ನಾನು ಎಲ್ಲ ಹೇಳಿದೆ. ಕುದಿನೀರು, ಟೇಪು, ಎರಡು ಗಲ್ಲಿ ಆಚೆಯ ಕಸದ ಡಬ್ಬಿ. ಅರಬ್ಬಿ ಸಾಲದಾದಾಗ ಕೈಯಿಂದ ತೋರಿಸಿದೆ. ಪೈಪು ಅದ್ದುವುದನ್ನು ನಟಿಸಿ ತೋರಿಸುವಾಗ ನನಗೇ ನಾನು ಕೋಡಂಗಿಯಂತೆ ಕಂಡೆ. ಯಾರೂ ನಗಲಿಲ್ಲ.

ಯಜಮಾನರು ತಸ್ಬಿಹಿನ ಜಪಮಣಿಗಳನ್ನು ಸರಿಸುತ್ತ ಕೇಳಿದರು, ಮುಗಿದ ಮೇಲೂ ಸರಿಸುತ್ತಿದ್ದರು. ನಂತರ ತಮ್ಮನಿಗೆ ಫೋನು ಮಾಡಿದರು. ಮಾತು ಉದ್ದವಾಯಿತು, ಸ್ವರ ಏರಿತು, ಇಳಿಯಿತು. ಫೋನು ಕೆಳಗಿಟ್ಟು ಚಾಚಾನ ಮಗನ ಕಡೆ ನೋಡಿ ಹೇಳಿದರು. ಹಾರಿಸಿನ ಇಕಾಮಾ, ಅಂದರೆ ವಾಸದ ಪರವಾನಗಿ, ಆಗಲೇ ತಮ್ಮನ ಹೆಸರಿಗೆ ಹೋಗಿದೆ. ತೋಟಕ್ಕೆ ಆಳಿಲ್ಲ, ತಮ್ಮ ಬಿಡುವುದಿಲ್ಲ. ಇನ್ನೇನೂ ಮಾಡಲು ಬರುವುದಿಲ್ಲ.

ಮಗ ತಲೆಯಾಡಿಸಿದ. ನಾನು ಎದ್ದು ನಿಂತು, ಮನೆ ಯಾವಾಗ ಖಾಲಿ ಮಾಡಲಿ ಎಂದು ಕೇಳಿದೆ.

ಯಜಮಾನರು ನನ್ನನ್ನು ನೋಡಲೇ ಇಲ್ಲ. "ನಿನಗೆ ಸಣ್ಣ ಮಗು ಇದೆ. ಇರು," ಎಂದರು. ಆ ದಿನ ಕಾವಾ ಕೊಡಲಿಲ್ಲ.

ಹೊರಗೆ ಬಂದ ಮೇಲೆ ಮಗ ತಬೂಕಿಗೆ ಫೋನು ಹಚ್ಚಿ ನನ್ನ ಕೈಗಿತ್ತ. ಮಾಫಿ ಕೇಳಿದೆ. ಆ ಕಡೆ ಗಾಳಿಯ ಸದ್ದು, ಎಲ್ಲೋ ಕುರಿಗಳ ಸದ್ದು. ಚಾಚಾ ಪರವಾಗಿಲ್ಲ ಎನ್ನಲಿಲ್ಲ. "ಇಲ್ಲಿ ತುಂಬ ಚಳಿ ಸಾಬ್," ಎಂದರು. "ಮಗನಿಗೆ ಕೊಡಿ ಫೋನು."

ನಾವು ಆ ಮನೆಯಲ್ಲಿ ಮತ್ತೂ ನಾಲ್ಕು ವರ್ಷ ಇದ್ದೆವು. ಮಗಳು ಅಲ್ಲಿಂದಲೇ ಶಾಲೆಗೆ ಹೋದಳು. ಮೆಟ್ಟಿಲಿನ ಕೆಳಗಿನ ಕೋಣೆಗೆ ಬೇರೆ ಹಾರಿಸ್ ಬಂದ, ಗ್ಯಾಸು ವಿಟ್ಲದವನೇ ತಂದ. ಚಾಚಾನ ಮಗ ವೆಲ್ಡಿಂಗಿನ ಕೆಲಸವನ್ನು ಮತ್ತೂ ಎಂಟು ತಿಂಗಳು ಮಾಡಿದ. ಗುತ್ತಿಗೆಯ ಅವಧಿ ಮುಗಿದಾಗ ಕಂಪೆನಿ ಇನ್ನೆರಡು ವರ್ಷಕ್ಕೆ ಕರೆಯಿತು, ಅವನು ಒಪ್ಪಲಿಲ್ಲ. ಆ ವರ್ಷದ ರಮದಾನಿಗೆ ಮುಂಚೆ ತಬೂಕಿನ ಆ ತೋಟಕ್ಕೆ ಹೋಗಿ, ಅಪ್ಪನ ಜತೆ ಟೊಮೆಟೊ ಪೆಟ್ಟಿಗೆ ತುಂಬುವ ಕೆಲಸಕ್ಕೆ ಸೇರಿಕೊಂಡ.